ಕಲ್ಲು ಹೊಗಳುತ್ತದೆ, ಹಾಡು ಕುಟುಕುತ್ತದೆ

ಹದಿನೆಂಟನೇ ಶತಮಾನದ ಇಂಗ್ಲಿಷ್ ಕವಿಗಳು ಸತ್ತವರನ್ನು ತಣ್ಣಗೆ ಮಲಗಲು ಬಿಟ್ಟವರಲ್ಲ. 1722ರಲ್ಲಿ ಮಾರ್ಲ್‌ಬರೋ ಡ್ಯೂಕ್ ತೀರಿಕೊಂಡಾಗ, ಆ ಮಹಾ ದಂಡನಾಯಕನ ಹೆಣದ ಹಿಂದೆ ಒಬ್ಬ ವಿಧವೆಯ, ಒಬ್ಬ ಅನಾಥನ ಕಣ್ಣೀರೂ ಇಲ್ಲವಲ್ಲ ಎಂದು ಸ್ವಿಫ್ಟ್ ಕುಟುಕಿದ. ತನ್ನನ್ನೂ ಬಿಡಲಿಲ್ಲ: 1731ರಲ್ಲಿ ಬರೆದ ಕವಿತೆಯಲ್ಲಿ ಅವನ ಸಾವಿನ ಸುದ್ದಿ ಕೇಳಿದ ಹೆಂಗಸರು ಇಸ್ಪೀಟಿನ ಎಲೆ ಕೆಳಗಿಡದೆಯೇ ಮರುಗುತ್ತಾರೆ. ಇದನ್ನು ಓದಿದವರು ಕನ್ನಡದಲ್ಲಿ ಸಾವನ್ನು ಕಂಡು ನಗುವ ಕಾವ್ಯವೇ ಇಲ್ಲ ಎನ್ನುವುದುಂಟು. ಇದೆ, ಆದರೆ ಅದು ಕಲ್ಲಿನ ಮೇಲಿಲ್ಲ.

ಕಲ್ಲಿನ ಮೇಲೆ ಯಾಕಿಲ್ಲ ಎನ್ನುವುದಕ್ಕೆ ಕಾರಣ ಕವಿಗಳ ಗಾಂಭೀರ್ಯವಲ್ಲ, ಜಮೀನು. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಜೊತೆಗಿರುವ ಬರಹದಲ್ಲಿ ಎಷ್ಟೋ ಕಡೆ ಮಡಿದವನ ಮನೆಯವರಿಗೆ ಬಿಟ್ಟ ನೆತ್ತರುಗೊಡಗೆ ಜಮೀನಿನ ವಿವರವಿರುತ್ತದೆ. ಅಂದರೆ ಅದು ಕಾವ್ಯವೂ ಹೌದು, ಪಹಣಿಯೂ ಹೌದು. ಪಹಣಿಯಲ್ಲಿ ಯಾರೂ ತಮಾಷೆ ಬರೆಸುವುದಿಲ್ಲ. ಮಂಡ್ಯ ಸೀಮೆಯ ಆತಕೂರಿನ ಕಲ್ಲನ್ನೇ ನೋಡಿ. ಕ್ರಿ.ಶ. 950ರ ಹೊತ್ತಿನ ಆ ಶಾಸನ ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯದು. ಅದಕ್ಕೆ ಭೂಮಿ ಬಿಟ್ಟಿದ್ದಾರೆ, ಪೂಜೆಗೆ ಗೊರವನನ್ನು (ಶೈವ ಪೂಜಾರಿ) ನೇಮಿಸಿದ್ದಾರೆ, ಪೂಜಿಸದೆ ಉಂಡರೆ ಪಾಪವೆಂದು ಎಚ್ಚರಿಸಿದ್ದಾರೆ. ಎಂಟು ನೂರು ವರ್ಷಗಳ ನಂತರ, 1747ರಲ್ಲಿ, ಲೇಖಕ ವಾಲ್‌ಪೋಲನ ಬೆಕ್ಕು ಮೀನಿನಾಸೆಗೆ ಪಿಂಗಾಣಿ ಪಾತ್ರೆಯಲ್ಲಿ ಮುಳುಗಿ ಸತ್ತಾಗ ಕವಿ ಗ್ರೇ ಮಹಾಕಾವ್ಯದ ಠೀವಿಯಲ್ಲೇ ನಗೆಪದ್ಯ ಬರೆದ. ಬೆಕ್ಕಿನ ಹೆಸರಲ್ಲಿ ಹೊಲವಿರಲಿಲ್ಲ. ನಗುವುದಕ್ಕೆ ಅಡ್ಡಿಯಾದರೂ ಏನು? ಇಂಗ್ಲಿಷಿನ ಅಣಕು ಸಮಾಧಿಲೇಖಗಳು ಬಹುಪಾಲು ಕಾಗದದ ಕಲ್ಲುಗಳು, ಚರ್ಚಿನ ಗೋಡೆಯ ಕಾಸಿನ ಹೊಗಳಿಕೆಗೆ ಅಚ್ಚುಕೂಟ ಕೊಟ್ಟ ಉತ್ತರ. 1732ರಲ್ಲಿ ತೀರಿಕೊಂಡ ಕವಿ ಜಾನ್ ಗೇಯ ನಗೆಮಾತು ವೆಸ್ಟ್‌ಮಿನ್‌ಸ್ಟರಿನ ಕಲ್ಲನ್ನೇ ಏರಿತಲ್ಲ ಎಂದರೆ, ಅವನು ನಕ್ಕದ್ದು ತನ್ನ ಬದುಕಿಗೆ. ಆ ಸಲುಗೆ ಬೇರೆ.

ನಮ್ಮ ಕುಹಕ ಬಾಯಲ್ಲಿ ಉಳಿಯಿತು. ಸಾಯುವ, ಕೊಳೆಯುವ ಗಂಡಂದಿರನ್ನು ಒಲೆಗೆ ಹಾಕಿ ಎಂದ ವಚನಕಾರ್ತಿ ಅಕ್ಕಮಹಾದೇವಿಯ ಮಾತಿನ ಖಾರ ಸ್ವಿಫ್ಟನಿಗೇನೂ ಕಡಿಮೆಯಿಲ್ಲ. ಹುಲಗೂರ ಸಂತೆಯ ಗದ್ದಲದಲ್ಲಿ ನಿಂತ ಮುದುಕಿಗೆ ಬೀಳುತ್ತೀ ಜೋಕೆ ಎನ್ನುವ ಶಿಶುನಾಳ ಷರೀಫರು (1819–1889) ಮುಪ್ಪಿನ ದೇಹವನ್ನು ಬೀದಿಯಲ್ಲೇ ಛೇಡಿಸುತ್ತಾರೆ. ಇದೆಲ್ಲ ವೈರಾಗ್ಯ, ವಿಡಂಬನೆಯಲ್ಲ ಎಂಬ ಆಕ್ಷೇಪವಿದೆ. ಈ ಹಾಡುಗಳನ್ನು ಪುಸ್ತಕದಲ್ಲಷ್ಟೇ ಓದಿದರೆ ಹಾಗನ್ನಿಸಬಹುದು. ಹರಿಹರ, ಕುಕ್ಕುವಾಡದ ಸೀಮೆಯಿಂದ ಧಾರವಾಡದವರೆಗೆ ಸಾವಿನ ಮನೆಯಲ್ಲಿ ರಾತ್ರಿಯಿಡೀ ಭಜನೆ ನಡೆಯುವ ರೂಢಿಯಿದೆ. ಹೆಣ ಕೂರಿಸಿದ ಪಡಸಾಲೆಯಲ್ಲಿ ದಮ್ಮಡಿ, ತಾಳ. ಗಳಿಸಿ ಕೂಡಿಟ್ಟವನು ಏನು ಹೊತ್ತೊಯ್ದ ಎಂದು ಕೇಳುವ ತತ್ವಪದಕ್ಕೆ ಬಂಧುಗಳೇ ಸೊಲ್ಲು ಹಿಡಿಯುತ್ತಾರೆ. ಮಣ್ಣು ಕೊಡುವ ಮೊದಲೇ, ಸತ್ತವನ ಎದುರಿಗೇ ಹೇಳುವ ಈ ಧೈರ್ಯ ಕಾಗದದ ಇಂಗ್ಲಿಷ್ ಕವಿತೆಗಳಿಗೆ ಇರಲಿಲ್ಲ.

ಆದರೂ ಒಂದು ಕೊರತೆಯನ್ನು ಒಪ್ಪಬೇಕು. ಆ ತತ್ವಪದ ಎಲ್ಲರನ್ನೂ ಚುಚ್ಚುತ್ತದೆ, ಆದ್ದರಿಂದ ಯಾರನ್ನೂ ಚುಚ್ಚುವುದಿಲ್ಲ. ಎದುರಿಗಿರುವವನು ಬಡ್ಡಿ ಸಾಹುಕಾರನಾದರೂ ಅವನ ಹೆಸರು ಪದದೊಳಗೆ ಬರುವುದಿಲ್ಲ. ಸ್ವಿಫ್ಟನಾದರೋ ಗುರುತು ಹಿಡಿದೇ ಹೊಡೆದ. ಹೆಸರು ಹಿಡಿದು ಹೊಡೆಯಬಲ್ಲ ಚುಟುಕು ದಿನಕರ ದೇಸಾಯಿಯವರ (1909–1982) ಕೈಯಲ್ಲಿತ್ತು. ಅವರೂ ಸಾವಿನ ಪದ್ಯಕ್ಕೆ ಬಂದಾಗ ತಮ್ಮದೇ ಬೂದಿಯನ್ನು ಭತ್ತದ ಗದ್ದೆಗೆ ಗೊಬ್ಬರವಾಗಿ ಕೊಟ್ಟರು. ಅದು ಉದಾತ್ತ ಕವಿತೆ, ಜನ ಹಾಡುವುದು ನ್ಯಾಯವೇ. ಆದರೆ ಕರ್ನಾಟಕದ ಮಾರ್ಲ್‌ಬರೋಗಳು ಅಷ್ಟರಮಟ್ಟಿಗೆ ಬಚಾವಾದರು.