ಮೊದಲ ವಾರ ಅಮ್ಮ ನೆನಪಾಗುವುದಿಲ್ಲ

ಅಪ್ಪ ತೀರಿಕೊಂಡು ಮೂರು ತಿಂಗಳಾಗಿತ್ತು. ಆಫೀಸಿನಲ್ಲಿ ಪಕ್ಕದ ಸೀಟಿನ ಗೆಳತಿ, ‘ನೀನು ವೈಲ್ಡ್ ನೋಡೇ, ಆಮೇಲೆ ಎಲ್ಲಾದ್ರೂ ಒಂದು ಟ್ರೆಕ್ ಹೋಗಿ ಬಾ, ಸರಿಹೋಗ್ತೀಯ’ ಅಂದಳು. ಎರಡನ್ನೂ ಮಾಡಿದೆ. ಸಿನಿಮಾ ನೋಡಿ ಗಳಗಳ ಅತ್ತೆ. ಎರಡು ವಾರ ಬಿಟ್ಟು ಕುಕ್ಕೆಯಿಂದ ಕುಮಾರಪರ್ವತ ಹತ್ತಲು ಹೊರಟೆ. ಭಟ್ಟರ ಮನೆ ಮುಟ್ಟುವಷ್ಟರಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಎರಡೇ ಸಂಗತಿ: ಎಡ ಮೊಣಕಾಲು ಮತ್ತು ಬೇಡದ್ದನ್ನೆಲ್ಲ ತುರುಕಿಕೊಂಡು ಬಂದಿದ್ದ ಬ್ಯಾಗು. ಅಪ್ಪ ಒಂದೇ ಒಂದು ಸಲವೂ ನೆನಪಾಗಲಿಲ್ಲ. ವಾಪಸ್ ಬರುವಾಗ ರಾತ್ರಿ ಬಸ್ಸಿನಲ್ಲಿ ಇದು ಹೊಳೆದು, ಏನೋ ದೊಡ್ಡ ತಪ್ಪು ಮಾಡಿದವಳ ಹಾಗೆ ಮುದುಡಿ ಕೂತೆ.

ಆಮೇಲೆ ಪುಸ್ತಕ ಓದಿದೆ. ತಪ್ಪು ನನ್ನದಲ್ಲ, ಸಿನಿಮಾದ್ದು ಅಂತ ಆಗ ಗೊತ್ತಾಯ್ತು.

ಕಥೆ ನಿಮಗೆ ಗೊತ್ತಿರಬಹುದು. 22ನೇ ವಯಸ್ಸಿನಲ್ಲಿ ತಾಯಿಯನ್ನು ಕ್ಯಾನ್ಸರಿಗೆ ಕಳೆದುಕೊಂಡ ಶೆರಿಲ್ ಸ್ಟ್ರೇಡ್, ಮದುವೆ ಮುರಿದುಕೊಂಡು, ಹೆರಾಯಿನ್ ಹತ್ತಿರವೂ ಹೋಗಿ ಬಂದು, 1995ರಲ್ಲಿ ಒಬ್ಬಳೇ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ನಡೆಯಲು ಹೊರಡುತ್ತಾಳೆ. ಮೆಕ್ಸಿಕೋ ಗಡಿಯಿಂದ ಕೆನಡಾ ಗಡಿವರೆಗೆ ಸುಮಾರು 4,265 ಕಿಲೋಮೀಟರಿನ ಈ ದಾರಿಯಲ್ಲಿ ಅವಳು ನಡೆದದ್ದು 1,770 ಕಿಲೋಮೀಟರಿನಷ್ಟು. ಪುಸ್ತಕ ಬಂದದ್ದು 2012ರಲ್ಲಿ. ಎರಡೇ ವರ್ಷಕ್ಕೆ ಜಾನ್ ಮಾರ್ಕ್ ವಾಲೆ ನಿರ್ದೇಶನದ ಸಿನಿಮಾ. ರೀಸ್ ವಿದರ್‌ಸ್ಪೂನ್ ಶೆರಿಲ್ ಆದರೆ, ಲಾರಾ ಡರ್ನ್ ಅಮ್ಮ. ಇಬ್ಬರಿಗೂ ಆಸ್ಕರ್ ನಾಮನಿರ್ದೇಶನ ಸಿಕ್ಕಿತು, ಅದಕ್ಕೆ ನನ್ನ ತಕರಾರಿಲ್ಲ.

ತಕರಾರು ಇರುವುದು ಮೊದಲ ಕೆಲವು ದಿನಗಳ ಬಗ್ಗೆ.

ಪುಸ್ತಕದಲ್ಲಿ ಆ ದಿನಗಳು ಹೇಗಿವೆ ನೋಡಿ. ಮೊಹಾವಿ ಊರಿನ ಮೋಟೆಲ್ ರೂಮಿನಲ್ಲಿ ಅವಳು ಮೊದಲ ಬಾರಿಗೆ ಬ್ಯಾಗು ತುಂಬುತ್ತಾಳೆ. ಹೌದು, ಹೊರಡುವ ದಿನ, ಮೊದಲ ಬಾರಿಗೆ! ಮರುಭೂಮಿ ಅಂತ ನೀರೇ ಹತ್ತು ಕಿಲೋ ದಾಟುತ್ತದೆ. ಮುಂದೆ ‘ಮಾನ್‌ಸ್ಟರ್’ ಅಂತ ಹೆಸರು ಬೀಳುವ ಆ ಬ್ಯಾಗನ್ನು ನಿಂತುಕೊಂಡು ಎತ್ತಲು ಆಗುವುದಿಲ್ಲ. ನೆಲದ ಮೇಲೆ ಕೂತು, ಪಟ್ಟಿ ಬಿಗಿದುಕೊಂಡು, ಏಳಲು ಒದ್ದಾಡುತ್ತಾಳೆ. ಸ್ಟೌಗೆ ಹಾಕಿದ ಇಂಧನ ತಪ್ಪು, ಹಾಗಾಗಿ ಬಿಸಿ ಊಟವಿಲ್ಲ. ಶೂ ಚಿಕ್ಕದು. ಸೊಂಟ, ಭುಜ ಉಜ್ಜಿ ಉಜ್ಜಿ ಕಿತ್ತುಬಂದಿವೆ. ಮೊದಲ ವಾರ ದಾರಿಯಲ್ಲಿ ಇನ್ನೊಬ್ಬ ಚಾರಣಿಗನ ಮುಖವೂ ಕಾಣುವುದಿಲ್ಲ.

ಇಷ್ಟೆಲ್ಲದರ ನಡುವೆ ಶೆರಿಲ್ ಒಂದು ಮಾತು ಒಪ್ಪಿಕೊಳ್ಳುತ್ತಾಳೆ. ಬೆಟ್ಟ ನೋಡುತ್ತಾ ಅಮ್ಮನಿಗಾಗಿ ಅತ್ತು ಹಗುರಾಗುತ್ತೇನೆ ಅಂದುಕೊಂಡು ಬಂದವಳಿಗೆ, ಅಳು ಬಂದದ್ದು ಬಹುಪಾಲು ಕಾಲು ಮತ್ತು ಬೆನ್ನಿನ ನೋವಿಗೆ. ದುಃಖ ಪಡಲೂ ಪುರುಸೊತ್ತಿಲ್ಲ. ನನ್ನ ಪ್ರಕಾರ ಇಡೀ ಪುಸ್ತಕದ ಅತ್ಯಂತ ಪ್ರಾಮಾಣಿಕ ಜಾಗ ಇದು. ಪುಸ್ತಕದ ಕಟ್ಟೋಣವೂ ಇದಕ್ಕೆ ಹೊಂದಿಕೊಂಡಿದೆ. ಅಮ್ಮನ ಸಾವನ್ನು ಅವಳು ಮೊದಲ ಅಧ್ಯಾಯದಲ್ಲೇ, ಟ್ರೇಲಿಗೆ ಕಾಲಿಡುವ ಮೊದಲೇ ಹೇಳಿ ಮುಗಿಸುತ್ತಾಳೆ. ಆಮೇಲೆ ದೇಹದ ಸರದಿ.

ಸಿನಿಮಾ ಇದನ್ನು ತಲೆಕೆಳಗು ಮಾಡುತ್ತದೆ. ಶೆರಿಲ್ ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಅಮ್ಮ ಬಂದು ನಗುತ್ತಾಳೆ. ‘ಎಲ್ ಕಾಂಡೋರ್ ಪಾಸಾ’ ಹಾಡು ಎಲ್ಲಿಂದಲೋ ತೇಲಿ ಬರುತ್ತದೆ. ಮತ್ತೆ ನಾಲ್ಕು ಹೆಜ್ಜೆ, ಮತ್ತೊಂದು ನೆನಪು. ಎಡಿಟಿಂಗ್ ಚೆನ್ನಾಗಿಯೇ ಇದೆ, ತೊಂದರೆ ಇರುವುದೇ ಅಲ್ಲಿ. ಕಾಲಿನ ನೋವು ನೆನಪಿನ ಬಾಗಿಲು ತೆಗೆಯುವ ಸ್ವಿಚ್ ಆಗಿಬಿಡುತ್ತದೆ. ನಡೆಯುವುದು ಅಂದರೆ ನೆನೆಯುವುದು ಅಂತ ನಾವು ನಂಬಿಬಿಡುತ್ತೇವೆ. ಎರಡು ಗಂಟೆಯೊಳಗೆ ಕಥೆ ಮುಗಿಸಬೇಕು, ಒಬ್ಬಳೇ ಮೂಕಳಾಗಿ ನಡೆಯುವುದನ್ನು ಎಷ್ಟು ಹೊತ್ತು ತೋರಿಸೋದು ಅಂತ ನೀವು ಕೇಳಬಹುದು. ಸರಿ. ಆದರೆ ಅದೇ ಸಿನಿಮಾದ ಮೋಟೆಲ್ ದೃಶ್ಯ ನೋಡಿ. ವಿದರ್‌ಸ್ಪೂನ್ ಬ್ಯಾಗಿನ ಕೆಳಗೆ ಸಿಕ್ಕ ಆಮೆಯ ಹಾಗೆ ಹೊರಳಾಡುತ್ತಾಳೆ. ಬರೀ ಒಂದು ದೇಹ, ಒಂದು ಭಾರ. ನಗು ಬರುತ್ತೆ, ಪಾಪ ಅನ್ನಿಸುತ್ತೆ, ಕಣ್ಣು ಕೀಳಲು ಆಗಲ್ಲ. ಅಂದರೆ ವಾಲೆಗೆ ಅದು ಬರುತ್ತಿತ್ತು. ಅವರು ಅದನ್ನು ನಂಬಲಿಲ್ಲ ಅಷ್ಟೇ.

ಇದರ ಪಕ್ಕಕ್ಕೆ ಬಿಲ್ ಬ್ರೈಸನ್‌ನ ‘ಎ ವಾಕ್ ಇನ್ ದ ವುಡ್ಸ್’ (1998) ಇಟ್ಟು ನೋಡಿ. ಅಲ್ಲಿಯದು ಅಪಲೇಚಿಯನ್ ಟ್ರೇಲ್. ಜೊತೆಗಾರ ಕ್ಯಾಟ್ಜ್ ಮೊದಲ ದಿನವೇ ಸಿಟ್ಟಿಗೆದ್ದು ಬ್ಯಾಗಿನ ತಿಂಡಿಯನ್ನೆಲ್ಲ ದಾರಿಯುದ್ದಕ್ಕೂ ಬಿಸಾಡಿಕೊಂಡು ಬರುತ್ತಾನೆ. ನಕ್ಕು ನಕ್ಕು ಸಾಕಾಗುತ್ತೆ. ಆದರೆ ಅವರು ಇಬ್ಬರು. ಗೊಣಗಿದರೆ ಕೇಳಿಸಿಕೊಳ್ಳಲು ಒಂದು ಕಿವಿ ಇದ್ದಾಗ ಕಷ್ಟ ತಮಾಷೆಯಾಗುತ್ತದೆ. ಶೆರಿಲ್‌ಗೆ ಆ ಭಾಗ್ಯವಿಲ್ಲ. ಮಡಚುವ ಗರಗಸ, ಬೈನಾಕ್ಯುಲರ್ ಎಲ್ಲವನ್ನೂ ಅವಳು ಕೆನಡಿ ಮೆಡೋಸ್‌ವರೆಗೆ ಹೊತ್ತೇ ಬರುತ್ತಾಳೆ. ಅಲ್ಲಿ ಅನುಭವಸ್ಥನೊಬ್ಬ ಕೂತು ಒಂದೊಂದನ್ನೇ ತೆಗೆಸಬೇಕಾಗುತ್ತದೆ. ಬೇಕಾಗಬಹುದು ಅನ್ನುವ ಭಯವೇ ಬ್ಯಾಗಿನ ಅರ್ಧ ತೂಕ ಅನ್ನುವುದು ಅಲ್ಲಿ ಅರ್ಥವಾಗುತ್ತದೆ, ಅವಳಿಗೂ, ನಮಗೂ.

ಪುಸ್ತಕದಲ್ಲಿ ಕೊರತೆಯೇ ಇಲ್ಲ ಅಂತಲ್ಲ. ನಡೆದದ್ದಕ್ಕೂ ಪುಸ್ತಕ ಬಂದದ್ದಕ್ಕೂ ನಡುವೆ 17 ವರ್ಷ. ಕೊನೆಕೊನೆಗೆ ಎಲ್ಲದಕ್ಕೂ ಒಂದು ಅರ್ಥ ಕೂಡಿಬರುತ್ತದೆ, ಸ್ವಲ್ಪ ಜಾಸ್ತಿಯೇ ಕೂಡಿಬರುತ್ತದೆ. ‘ಕಳೆದುಹೋದವಳು ಸಿಕ್ಕಳು’ ಅನ್ನುವ ಅರ್ಥದ ಉಪಶೀರ್ಷಿಕೆಯಂತೂ ನಮ್ಮ ವೀಕೆಂಡ್ ಟ್ರೆಕ್ ಜಾಹೀರಾತುಗಳಿಗೇ ಹೇಳಿ ಮಾಡಿಸಿದ ಹಾಗಿದೆ. ಆ ಮೊದಲ ವಾರದ ಪುಟಗಳು ಮಾತ್ರ ಯಾವ ಉಪಶೀರ್ಷಿಕೆಗೂ ಬಗ್ಗುವುದಿಲ್ಲ.

ಅಪ್ಪ ನೆನಪಾದದ್ದು ಯಾವಾಗ ಗೊತ್ತಾ? ಟ್ರೆಕ್ಕಿನಿಂದ ಬಂದ ಮೇಲೆ ಒಂದು ಮಂಗಳವಾರ, ಮೊಣಕಾಲಿಗೆ ಮುಲಾಮು ಹಚ್ಚುವಾಗ. ಅದು ಅಪ್ಪನದೇ ಟ್ಯೂಬು, ಅರ್ಧ ಖಾಲಿಯಾಗಿತ್ತು. ಕೆಳಗಿನಿಂದ ನೀಟಾಗಿ ಮಡಚಿಟ್ಟಿದ್ದರು.

ಗೆಳತಿಗೆ ಹೇಳಿದೆ, ಇನ್ನು ಯಾರಿಗಾದರೂ ಶಿಫಾರಸು ಮಾಡುವುದಿದ್ದರೆ ಪುಸ್ತಕ ಕೊಡೇ ಅಂತ. ಟ್ರೆಕ್ಕಿಗೂ ಕಳಿಸು. ಆದರೆ ಬೆಟ್ಟ ಹತ್ತುವಾಗ ಯಾರೂ ನೆನಪಾಗದಿದ್ದರೆ ಪರವಾಗಿಲ್ಲ ಅಂತಲೂ ಹೇಳಿ ಕಳಿಸು.