ಕುಡುಕನ ಕನಸು, ಕ್ಯಾಥರೀನಳ ಮಾತು

ಶೇಕ್ಸ್‌ಪಿಯರನ ‘ದಿ ಟೇಮಿಂಗ್ ಆಫ್ ದಿ ಶ್ರೂ’ ನಾಟಕವನ್ನು ಇಂದು ರಂಗಕ್ಕೆ ತರುವವರಿಗೆ ಅದರ ಕೊನೆಯ ಭಾಷಣವೇ ದೊಡ್ಡ ತೊಡಕು. ಗಂಡನ ಪಾದದಡಿ ಕೈಯಿಡಲು ಸಿದ್ಧಳೆಂದು ಕ್ಯಾಥರೀನ ಆಡುವ ಆ 44 ಸಾಲುಗಳನ್ನು ಕಣ್ಣು ಮಿಟುಕಿಸಿ ವ್ಯಂಗ್ಯವಾಗಿಸುವುದು ಹಳೆಯ ಉಪಾಯ. 1929ರ ಚಲನಚಿತ್ರದಲ್ಲಿ ಮೇರಿ ಪಿಕ್‌ಫರ್ಡ್ ಮಾಡಿದ್ದೂ ಅದನ್ನೇ. ಇದು ಪ್ರೇಕ್ಷಕರನ್ನು ಸಮಾಧಾನಪಡಿಸುತ್ತದೆಯೇ ಹೊರತು, ಆಕೆಗೆ ಅನ್ನ ನಿದ್ದೆಗಳನ್ನು ತಪ್ಪಿಸಿದ ಕ್ರಮಕ್ಕೆ ಉತ್ತರವಾಗುವುದಿಲ್ಲ. ಬೇಟೆಯ ಡೇಗೆಯನ್ನು ಪಳಗಿಸುವ ವಿಧಾನವಿದು ಎಂದು ಪೆಟ್ರೂಶಿಯೊ ತಾನೇ ವಿವರಿಸುತ್ತಾನೆ.

ಉತ್ತರದ ಸುಳಿವು ಬಹುಮಂದಿ ನಿರ್ದೇಶಕರು ಕತ್ತರಿಸಿಹಾಕುವ ಪೀಠಿಕಾದೃಶ್ಯದಲ್ಲಿದೆ. ಕುಡಿದು ಬಿದ್ದ ಸ್ಲೈ ಎಂಬವನನ್ನು ಪ್ರಭುವೊಬ್ಬ ತಮಾಷೆಗಾಗಿ ಶ್ರೀಮಂತನೆಂದು ನಂಬಿಸುತ್ತಾನೆ. ಪರಿಚಾರಕ ಹುಡುಗನಿಗೆ ಹೆಣ್ಣುಡುಗೆ ತೊಡಿಸಿ, ವಿಧೇಯ ಪತ್ನಿಯಂತೆ ನಡೆಯಲು ಹೇಳಿಕೊಡಿಸುತ್ತಾನೆ. ಕ್ಯಾಥರೀನಳ ಕಥೆ ಇವರೆದುರು ನಡೆಯುವ ಆಟ. ಅಂದು ಆಕೆಯ ಪಾತ್ರವನ್ನೂ ಹುಡುಗನೇ ವಹಿಸುತ್ತಿದ್ದ. ಪತಿಭಕ್ತಿಯು ಕಲಿಸಿಕೊಟ್ಟ ವೇಷವೆಂಬುದನ್ನು ನಾಟಕ ಆರಂಭದಲ್ಲೇ ತೋರಿಸಿದೆ. 1623ರ ಫೋಲಿಯೊದಲ್ಲಿ ಸ್ಲೈ ನಡುವೆಯೇ ಮರೆಯಾಗುತ್ತಾನೆ. 1594ರಲ್ಲಿ ಅಚ್ಚಾದ ‘ದಿ ಟೇಮಿಂಗ್ ಆಫ್ ಎ ಶ್ರೂ’ ಪಾಠದಲ್ಲಿ ಎಚ್ಚೆತ್ತು, ಹೆಂಡತಿಯನ್ನು ಪಳಗಿಸಲು ಮನೆಗೆ ಹೊರಡುತ್ತಾನೆ.

1978ರಲ್ಲಿ ಮೈಕೇಲ್ ಬೊಗ್ಡಾನೊವ್ ಸ್ಲೈ, ಪೆಟ್ರೂಶಿಯೊ ಎರಡೂ ಪಾತ್ರಗಳನ್ನು ಜೊನಾಥನ್ ಪ್ರೈಸ್‌ಗೆ ವಹಿಸಿದರು. ಕಥೆಯೆಲ್ಲ ಕುಡುಕ ಗಂಡಸಿನ ಅಧಿಕಾರದ ಕನಸಾಯಿತು. ಕ್ರೌರ್ಯವನ್ನು ಮುಚ್ಚದೆಯೇ ಅದು ಯಾರ ಬಯಕೆಯೆಂದು ತೋರಿಸಿತು. 2019ರ ರಾಯಲ್ ಶೇಕ್ಸ್‌ಪಿಯರ್ ಕಂಪನಿಯ ಪ್ರಯೋಗದಲ್ಲಿ ಜಸ್ಟಿನ್ ಆಡಿಬರ್ಟ್ ಸ್ತ್ರೀಪುರುಷರ ಸ್ಥಾನಗಳನ್ನೇ ಅದಲುಬದಲು ಮಾಡಿದರು. ಅಧಿಕಾರವು ದೇಹದ್ದಲ್ಲ, ಸ್ಥಾನದ್ದು ಎಂಬ ಅರಿವು ಅದರಿಂದ ಸಿಗುತ್ತದೆ. ಆದರೆ ಪಳಗಿಸಲ್ಪಡುವವನ ಬೆನ್ನಿಗೆ ಶತಮಾನಗಳ ಚರಿತ್ರೆಯಿಲ್ಲದ ಕಾರಣ ನಗು ಹಗುರವಾಗುತ್ತದೆ.

ಕನ್ನಡದಲ್ಲಿ ಈ ಕಥೆ ಪರ್ವತವಾಣಿಯವರ ‘ಬಹದ್ದೂರ್ ಗಂಡ’ ನಾಟಕವಾಗಿ, ಅದರಿಂದ 1989ರ ‘ನಂಜುಂಡಿ ಕಲ್ಯಾಣ’ ಚಿತ್ರವಾಗಿ ಜನಪ್ರಿಯವಾಯಿತು. ಮೂಲದ ಶೀರ್ಷಿಕೆ ಹೆಣ್ಣನ್ನು ಹೆಸರಿಸಿ ನಿಂದಿಸುತ್ತದೆ; ಕನ್ನಡದ್ದು ಗಂಡನಿಗೆ ಬಿರುದು ಕೊಡುತ್ತದೆ. ‘ಗಂಡ’ ಶಬ್ದಕ್ಕೆ ಹಳಗನ್ನಡದಿಂದ ಬಂದ ವೀರನೆಂಬ ಅರ್ಥವೂ ಇಲ್ಲಿ ಪೆಟ್ರೂಶಿಯೊನ ಪಕ್ಷವನ್ನೇ ಸೇರುತ್ತದೆ. ಇದನ್ನು ಮತ್ತೆ ರಂಗಕ್ಕೆ ತರುವವರು ಮೊದಲು ಈ ಬಿರುದನ್ನು ಪ್ರಶ್ನಿಸಬೇಕು.

ನಾಟಕದ ಅತ್ಯಂತ ಕಠೋರ ದೃಶ್ಯದಲ್ಲಿ ಹೊಡೆತವಿಲ್ಲ. ನಡುಹಗಲಿನ ಸೂರ್ಯನನ್ನು ಚಂದ್ರನೆಂದು ಒಪ್ಪುವವರೆಗೆ ಕ್ಯಾಥರೀನಳಿಗೆ ತವರಿನ ದಾರಿ ತೆರೆಯುವುದಿಲ್ಲ. ವಸ್ತುವಿಗೆ ಹೆಸರಿಡುವ ಹಕ್ಕನ್ನು ಕಳೆದುಕೊಂಡವಳ ಕೊನೆಯ ಭಾಷಣ ಎಷ್ಟು ಮಟ್ಟಿಗೆ ಅವಳದ್ದು? ಎರಡು ಭಾಷೆಗಳ ನಡುವೆ ಬದುಕುವ ಓದುಗರಿಗೆ ಈ ಪ್ರಶ್ನೆಯ ಭಾರ ತಿಳಿದೇ ಇದೆ. ಅದನ್ನು ಉಳಿಸಿಕೊಂಡ ಪ್ರಯೋಗ ಮಾತ್ರ ಸಾರ್ಥಕ.