ತೋಟದ ಕೂಟ, ಆಮೇಲಿನ ಪ್ರಶ್ನೆಗಳು

ಕೇ ರೆಡ್‌ಫೀಲ್ಡ್ ಜಾಮಿಸನ್ ಅವರ ಆತ್ಮಕಥನ ‘ಆ್ಯನ್ ಅನ್‌ಕ್ವಯಟ್ ಮೈಂಡ್’ (1995) ಓದಿದವರು ಸಾಮಾನ್ಯವಾಗಿ ಅದರ ಉಬ್ಬರದ ಭಾಗಗಳನ್ನೇ ನೆನಪಿಟ್ಟುಕೊಳ್ಳುತ್ತಾರೆ. ನಿದ್ದೆಯಿಲ್ಲದೆ ಉರಿದ ರಾತ್ರಿಗಳು, ಹಾವು ಕಚ್ಚಿದರೆ ಬೇಕಾದೀತೆಂದು ಅವಸರದಲ್ಲಿ ಕೊಂಡುತಂದ ಹನ್ನೆರಡು ಕಿಟ್‌ಗಳು, ಪೆಂಗ್ವಿನ್‌ಗಳೆಲ್ಲ ಒಂದೆಡೆ ಸಂಸಾರ ಹೂಡಿದರೆ ಚೆನ್ನ ಎಂದು ಖರೀದಿಸಿದ ಇಪ್ಪತ್ತು ಪೆಂಗ್ವಿನ್ ಪುಸ್ತಕಗಳು. ಗೆಳೆಯರಿಗೆ ಹೇಳಿ ನಗಿಸಬಹುದಾದ ಸಂಗತಿಗಳು ಇವು. ಆದರೆ ನನ್ನ ದೃಷ್ಟಿಯಲ್ಲಿ ಈ ಪುಸ್ತಕದ ಅತ್ಯುತ್ತಮ ಪುಟಗಳು ತೀರ ಸಪ್ಪೆಯಾಗಿರುವ ಒಂದೆರಡು ಪುಟಗಳು. ಅಲ್ಲಿ ಲೇಖಕಿ ಮೊದಲ ಸಲ ಮನೋವೈದ್ಯನ ಎದುರು ಕುಳಿತಿದ್ದಾರೆ, ಅವನು ಪ್ರಶ್ನೆ ಕೇಳುತ್ತಿದ್ದಾನೆ.

ಎಷ್ಟು ಗಂಟೆ ನಿದ್ದೆ ಮಾಡುತ್ತೀರಿ? ಮಾತು ಎಂದಿಗಿಂತ ಹೆಚ್ಚಾಗಿದೆಯೆ? ವೇಗವಾಗಿದೆಯೆ? ನಿಧಾನವಾಗಿ ಮಾತಾಡಿ ಎಂದು ಯಾರಾದರೂ ಹೇಳಿದರೆ? ದುಡ್ಡು ಹೇಗೆ ಖರ್ಚಾಗುತ್ತಿದೆ? ಅಲ್ಲಿನ ಪ್ರಶ್ನೆಗಳ ಧಾಟಿ ಇದು. ಅದುವರೆಗೆ ಉಪಮೆಯ ಮೇಲೆ ಉಪಮೆ ಹೇರುತ್ತಿದ್ದ ಗದ್ಯ ಇಲ್ಲಿ ಏಕಾಏಕಿ ಬರಿಗಾಲಲ್ಲಿ ನಡೆಯುತ್ತದೆ. ಜಾಮಿಸನ್ ಸ್ವತಃ ಮನಶ್ಶಾಸ್ತ್ರಜ್ಞೆ. 1974ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮನೋವೈದ್ಯ ವಿಭಾಗದ ಸಹಾಯಕ ಪ್ರಾಧ್ಯಾಪಕಿಯಾಗಿ ಸೇರಿದ ಮೂರು ತಿಂಗಳೊಳಗೆ ಅವರು ಪೂರ್ತಿ ಉನ್ಮಾದಕ್ಕೆ ಜಾರಿದ್ದರು. ಆ ಪ್ರಶ್ನೆಗಳನ್ನು ಅವರೇ ಬೇರೆಯವರಿಗೆ ಎಷ್ಟೋ ಸಲ ಕೇಳಿದ್ದವರು. ಈಗ ಉತ್ತರ ಕೊಡುವ ಕುರ್ಚಿಯಲ್ಲಿ ಕೂತಾಗ, ಯಾವ ಪ್ರಶ್ನೆ ಎಲ್ಲಿಗೆ ಒಯ್ಯುತ್ತದೆ ಎಂದು ತಿಳಿಯದ ಗಲಿಬಿಲಿ ಏನೆಂಬುದು ಅವರಿಗೆ ಅರಿವಾಗುತ್ತದೆ.

ಈ ಪ್ರಶ್ನೆಗಳು ಯಾಕೆ ಇಷ್ಟು ಸಪ್ಪೆ? ಉತ್ತರ ಇರುವುದು ಪುಸ್ತಕದ ಇನ್ನೊಂದು ದೃಶ್ಯದಲ್ಲಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ವಿಶ್ವವಿದ್ಯಾಲಯದ ಮುಖ್ಯಸ್ಥರು ಕೊಟ್ಟ ತೋಟದ ಕೂಟವೊಂದಕ್ಕೆ ಜಾಮಿಸನ್ ಹೋಗುತ್ತಾರೆ. ಅವರ ನೆನಪಿನಲ್ಲಿ ಅದು ಅದ್ಭುತ ಸಂಜೆ: ಎಲ್ಲರ ಜೊತೆ ಮಾತಾಡಿದೆ, ಎಲ್ಲರ ಮನಸ್ಸು ಗೆದ್ದೆ. ಮುಂದೆ ಅವರ ವೈದ್ಯನಾಗಲಿದ್ದವನೂ ಅಲ್ಲಿದ್ದ. ಅವನ ನೆನಪೇ ಬೇರೆ. ಉದ್ರೇಕಗೊಂಡಂತೆ, ವಿಪರೀತ ಮಾತಾಡುತ್ತಿದ್ದ ಹೆಂಗಸನ್ನು ಅವನು ಕಂಡ. ಇದು ಉನ್ಮಾದ ಇರಬಹುದೆ ಎಂದು ಆಗಲೇ ಅವನಿಗೆ ಅನ್ನಿಸಿತ್ತು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಅವಳ ಉಡುಪು ಕಣ್ಣು ಕುಕ್ಕುವಂತಿತ್ತು ಎಂಬುದು ಅವನಿಗೆ ಕಂಡ ಲಕ್ಷಣವಲ್ಲ. ಹಿಂದಿನ ಒಂದು ವರ್ಷ ಅವನು ಕಂಡಿದ್ದ, ಸಂಯಮದಿಂದ ಉಡುತ್ತಿದ್ದ ಜಾಮಿಸನ್‌ಗೂ ಈ ಜಾಮಿಸನ್‌ಗೂ ತಾಳೆಯಾಗಲಿಲ್ಲ ಎಂಬುದು ಲಕ್ಷಣ.

ಉನ್ಮಾದದಲ್ಲಿರುವವರನ್ನು ‘ಹೇಗಿದ್ದೀರಿ’ ಎಂದು ಕೇಳಿ ಪ್ರಯೋಜನವಿಲ್ಲ. ಇಷ್ಟು ಚೆನ್ನಾಗಿ ಎಂದೂ ಇರಲಿಲ್ಲ ಎಂಬ ಉತ್ತರ ಬಂದೀತು, ಆ ಕ್ಷಣಕ್ಕೆ ಅದು ನಿಜವೂ ಹೌದು. ಅದಕ್ಕೇ ಪ್ರಶ್ನೆಗಳು ಅನುಭವದ ವರ್ಣನೆಯನ್ನು ಬಿಟ್ಟು ಗಂಟೆ, ರೂಪಾಯಿ, ದಿನಗಳ ಲೆಕ್ಕಕ್ಕೆ ಇಳಿಯುತ್ತವೆ. ನಿದ್ದೆಯ ಪ್ರಶ್ನೆಯನ್ನೇ ನೋಡಿ. ಚಿಂತೆಯಿಂದ ನಿದ್ದೆ ಬಾರದವರು ಬೆಳಿಗ್ಗೆ ಬಸವಳಿದಿರುತ್ತಾರೆ. ಉನ್ಮಾದದಲ್ಲಿ ಎರಡು ಮೂರು ಗಂಟೆ ಮಲಗೆದ್ದವರಿಗೆ ಆಯಾಸವೇ ಇಲ್ಲ. ನಿದ್ದೆ ಬರಲಿಲ್ಲ ಎನ್ನುವುದು ಬೇರೆ, ನಿದ್ದೆ ಬೇಕೆನಿಸಲಿಲ್ಲ ಎನ್ನುವುದು ಬೇರೆ. ಈ ಒಂದು ವ್ಯತ್ಯಾಸವನ್ನು ಕೇಳಿ ತಿಳಿಯುವುದಕ್ಕೆ ಸಂದರ್ಶಕನಿಗೆ ಒಳ್ಳೆಯ ಕಿವಿ ಬೇಕು.

ಕಿವಿ ಇನ್ನೊಂದಕ್ಕೂ ಬೇಕು. 1978ರಿಂದ ಬಳಕೆಯಲ್ಲಿರುವ ಯಂಗ್ ಮೇನಿಯಾ ಮಾಪಕದಲ್ಲಿ ಹನ್ನೊಂದು ಅಂಶಗಳಿವೆ. ಏಳಕ್ಕೆ ತಲಾ ನಾಲ್ಕು ಅಂಕ. ಸಿಡಿಮಿಡಿ, ಮಾತು, ಮಾತಿನ ವಿಷಯ, ಆಕ್ರಮಣಶೀಲ ನಡವಳಿಕೆ ಈ ನಾಲ್ಕಕ್ಕೆ ಮಾತ್ರ ತಲಾ ಎಂಟು. ರೋಗಿ ಹೇಳಿಕೊಂಡದ್ದರ ಜೊತೆಗೆ ಸಂದರ್ಶನದ ಹೊತ್ತಿನಲ್ಲಿ ವೈದ್ಯನಿಗೆ ಕಂಡದ್ದೂ ಲೆಕ್ಕಕ್ಕೆ ಬರುತ್ತದೆ. ಮಾತು ಏನು ಹೇಳುತ್ತದೆ ಎನ್ನುವುದಕ್ಕೆ ಒಂದು ಅಂಕಪಟ್ಟಿ, ಹೇಗೆ ಓಡುತ್ತದೆ ಎನ್ನುವುದಕ್ಕೆ ಇನ್ನೊಂದು! ನಮ್ಮ ವಿಮರ್ಶೆ ವಸ್ತು ಮತ್ತು ಶೈಲಿ ಎಂದು ದಶಕಗಟ್ಟಲೆ ಜಗಳವಾಡಿದ್ದು ಇದನ್ನೇ ಅಲ್ಲವೆ?

ಉನ್ಮಾದದ ಮಾತು ಅರ್ಥದ ದಾರಿ ಬಿಟ್ಟು ನಾದದ ದಾರಿ ಹಿಡಿಯುವುದುಂಟು. ಕನ್ನಡದಲ್ಲಾದರೆ ಹೀಗಿರಬಹುದು (ಇದು ನಾನೇ ಕಟ್ಟಿದ್ದು): ‘ಸಾಲ ಅಂದ್ರೆ ಶೂಲ, ಶೂಲ ಅಂದ್ರೆ ಕಾಲ, ಕಾಲಭೈರವ, ಭೈರವಿ ರಾಗ, ಬೇಗ ಬೇಗ ಹೋಗ್ಬೇಕು.’ ಬೇಂದ್ರೆಯವರನ್ನು ಓದಿ ಬೆಳೆದ ಕಿವಿಗೆ ಇದು ತಟ್ಟನೆ ಹಿತವಾಗಿಬಿಡುತ್ತದೆ. ಆದರೆ ಬೇಂದ್ರೆಯವರಲ್ಲಿ ನಾದ ಎಷ್ಟು ದೂರ ಹಾರಿದರೂ ತಿರುಗಿ ಬಂದು ಅರ್ಥದ ಕೊಂಬೆಯ ಮೇಲೆ ಕೂರುತ್ತದೆ. ಇಲ್ಲಿ ತಿರುಗಿ ಬರುವುದೇ ಇಲ್ಲ, ಸಾಲದ ಮಾತು ಏನಾಯಿತೆಂದು ಯಾರೂ ಕೇಳುವುದಿಲ್ಲ. ಜಾಮಿಸನ್ ಕೊಂಡ ಇಪ್ಪತ್ತು ಪುಸ್ತಕಗಳೂ ಇಂಥ ಶ್ಲೇಷೆಯೇ: ಪ್ರಕಾಶಕರ ಹೆಸರು ಹಕ್ಕಿಯಾಯಿತು, ಹಕ್ಕಿಗೆ ಬಳಗ ಬೇಕಾಯಿತು. ಪುಸ್ತಕದಲ್ಲಿ ಓದುವಾಗ ಇದು ಚಮತ್ಕಾರ. ಅಂಗಡಿಯಲ್ಲಿ ಅವರ ಪಕ್ಕ ನಿಂತವರಿಗೆ ದಿಗಿಲು.

ನನ್ನ ತಕರಾರು ಇರುವುದು ಇಲ್ಲೇ. ಉನ್ಮಾದದ ಭಾಗಗಳನ್ನು ಜಾಮಿಸನ್ ಬರೆದಿರುವುದು ಚೇತರಿಸಿಕೊಂಡ ಮೇಲೆ, ಒಪ್ಪವಾದ ವಾಕ್ಯಗಳಲ್ಲಿ. ಹಾಗಾಗಿ ಅದರ ಬೆಳಕು ನಮಗೆ ತಲುಪುತ್ತದೆ, ಎದುರು ಕೂತವರ ಸುಸ್ತು ತಲುಪುವುದಿಲ್ಲ. ಕವಿಗಳು ಮತ್ತು ಈ ಕಾಯಿಲೆಯ ನಂಟಿನ ಬಗ್ಗೆ ಅವರೇ ಬರೆದ ‘ಟಚ್ಡ್ ವಿತ್ ಫೈರ್’ (1993) ಓದಿ ಬಂದವರಂತೂ ಮರುಳಾಗಲು ತಯಾರಾಗಿಯೇ ಬಂದಿರುತ್ತಾರೆ. ಕಾವ್ಯದ ಸಂದರ್ಭದಲ್ಲಿ ‘ಉನ್ಮಾದ’ ನಮಗೂ ಹೊಗಳಿಕೆಯ ಪದವೇ. ಭರತ ಮಾತ್ರ ಈ ವಿಷಯದಲ್ಲಿ ನಿಷ್ಠುರ. ಮೂವತ್ತಮೂರು ಸಂಚಾರೀ ಭಾವಗಳಲ್ಲಿ ಉನ್ಮಾದವನ್ನೂ ಸೇರಿಸಿ, ಕಾರಣವಿಲ್ಲದ ನಗು, ಅಳು, ಸಂಬಂಧವಿಲ್ಲದ ಮಾತು ಎಂದು ಹೊರಗೆ ಕಾಣುವ ಗುರುತುಗಳನ್ನು ಹೇಳುತ್ತಾನೆ. ನಟನಿಗೆಂದು ಬರೆದದ್ದು, ವೈದ್ಯನಿಗೂ ಆದೀತು.

ಹಳೆಯ ವ್ಯಕ್ತಿಯನ್ನು ಹೊಸ ವ್ಯಕ್ತಿಯ ಜೊತೆ ಹೋಲಿಸಿ ನೋಡುವ ಈ ವಿಧಾನ ಯಾರ ಕೈಯಲ್ಲಿದೆ ಎನ್ನುವುದೂ ಮುಖ್ಯ. ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಚಿಕಿತ್ಸೆ ಮುಗಿಸಿ ಮನೆಗೆ ಬರುತ್ತಾಳೆ. ಆಮೇಲೆ ಅವಳ ನಗು, ಸಿಟ್ಟು, ಅಲಂಕಾರ ಯಾವುದನ್ನೂ ಜನ ಬರಿಯ ನಗು, ಸಿಟ್ಟು, ಅಲಂಕಾರ ಎಂದು ಓದುವುದಿಲ್ಲ. ಹೋಲಿಸಲು ಅವರ ಬಳಿ ಇರುವುದು ಕಾಯಿಲೆಯ ಕಾವೇರಿ ಒಬ್ಬಳೇ, ಅದಕ್ಕೂ ಹಿಂದಿನವಳನ್ನು ಅವರು ಮರೆತಿದ್ದಾರೆ. ಪುಟ್ಟಣ್ಣ ಕಣಗಾಲರ 1971ರ ಸಿನಿಮಾದಲ್ಲಿ ಕಲ್ಪನಾ ಅಭಿನಯ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಾಮಿಸನ್‌ಗೆ ಸಿಕ್ಕ ವೈದ್ಯ ಗುರುತು ಹಿಡಿದ, ಕಾವೇರಿಯ ಸುತ್ತಲಿನವರು ಹಣೆಪಟ್ಟಿ ಹಚ್ಚಿದರು. ಎರಡೂ ಒಂದೇ ಹೋಲಿಕೆಯಿಂದ ಹುಟ್ಟಿದವು.

ಆ ಮೊದಲ ಭೇಟಿಯಲ್ಲಿ ವೈದ್ಯ ಸುತ್ತಿಬಳಸಲಿಲ್ಲ. ಕಾಯಿಲೆಯ ಹೆಸರು ಹೇಳಿದ, ಲಿಥಿಯಂ ಬೇಕು ಎಂದ, ಬಹುಶಃ ಬಹುಕಾಲ ಬೇಕು ಎಂದ. ಜಾಮಿಸನ್‌ಗೆ ಭಯವೂ ಆಯಿತು, ನೆಮ್ಮದಿಯೂ ಆಯಿತು. ಆದರೂ ಅವರು ಮಾತ್ರೆ ಬಿಟ್ಟರು, ಮತ್ತೆ ತಗೊಂಡರು, ಮತ್ತೆ ಬಿಟ್ಟರು. ಒಮ್ಮೆ ಅದೇ ಲಿಥಿಯಂ ನುಂಗಿ ಸಾಯಲು ಹೊರಟು ಬದುಕಿ ಉಳಿದರು. ಉಬ್ಬರದ ಆ ತೋಟದ ಸಂಜೆಯನ್ನು ಬಿಟ್ಟುಕೊಡುವುದು ಎಷ್ಟು ಕಷ್ಟವಿತ್ತು ಎನ್ನುವುದನ್ನು ಪುಸ್ತಕ ಮುಚ್ಚಿಡುವುದಿಲ್ಲ. ಇನ್ನೊಂದು ನಷ್ಟದ ಬಗ್ಗೆ ಅದು ಕಡಿಮೆ ಮಾತಿನಲ್ಲಿ ಹೇಳುತ್ತದೆ. ಔಷಧದ ಪ್ರಮಾಣ ಹೆಚ್ಚಿದ್ದ ಸುಮಾರು ಹತ್ತು ವರ್ಷ ಅವರಿಗೆ ಒಂದು ಗಂಭೀರ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಲಾಗಲಿಲ್ಲ. ಪುಟ ತೆರೆದರೆ ಸಾಲುಗಳು ಕೈಗೆ ಸಿಗುತ್ತಿರಲಿಲ್ಲ, ಮಕ್ಕಳ ಕಥೆಗಳಿಗೆ ಹೋದರು. ಪ್ರಮಾಣ ತಗ್ಗಿಸಿದ ಮೇಲೆ ಓದು ಸ್ವಲ್ಪ ಸ್ವಲ್ಪವಾಗಿ ವಾಪಸು ಬಂತು.